ಬಿಸಿಲಿಗೆ ಬರವಿಲ್ಲ, ನೆಲಕ್ಕಿದೆ

2023ರಲ್ಲಿ ಮುಂಗಾರು ಕೈಕೊಟ್ಟಿತು. ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಲಿಂಗನಮಕ್ಕಿ ಜಲಾಶಯ ತುಂಬಲಿಲ್ಲ. ಅಕ್ಟೋಬರಿನಲ್ಲಿ ಒಣಗುತ್ತಿದ್ದ ಪೈರನ್ನು ಉಳಿಸಿಕೊಳ್ಳಲು ರಾಜ್ಯದ ಬೋರ್‌ವೆಲ್ ಪಂಪುಗಳೆಲ್ಲ ಒಟ್ಟಿಗೇ ಓಡಿದವು. ಬೇಡಿಕೆ ಏರಿತು, ಏಳು ಗಂಟೆಯ ತ್ರೀ ಫೇಸ್ ಕರೆಂಟು ಐದಕ್ಕೆ ಇಳಿಯಿತು, ರೈತರು ಎಸ್ಕಾಂ ಕಚೇರಿಗಳ ಮುಂದೆ ಧರಣಿ ಕೂತರು. ಆ ದಿನಗಳಲ್ಲಿ ಬಿಸಿಲಿಗೇನೂ ಕೊರತೆ ಇರಲಿಲ್ಲ. ಪಾವಗಡದ ಸೌರ ಫಲಕಗಳು ಮಧ್ಯಾಹ್ನದ ಹೊತ್ತು ಚೆನ್ನಾಗಿಯೇ ದುಡಿಯುತ್ತಿದ್ದವು. ಆದರೆ ಗಾಳಿಯ ಋತು ಮುಗಿದಿತ್ತು, ಜಲಾಶಯಗಳಲ್ಲಿ ನೀರಿರಲಿಲ್ಲ, ಸಂಜೆ ಆರರ ಮೇಲೆ ಸೌರಶಕ್ತಿ ಸೊನ್ನೆ. ಮತ್ತೆ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು ಸ್ಥಾವರಗಳೇ ಗತಿಯಾದವು.

ದೇಶದಲ್ಲೇ ಮುಂಚೂಣಿಯಲ್ಲಿರುವ ರಾಜ್ಯದ ಕಥೆ ಇದು. ಇಲ್ಲಿ 9 ಸಾವಿರ ಮೆಗಾವಾಟ್ ಮೀರಿದ ಸೌರ ಸಾಮರ್ಥ್ಯವಿದೆ, 7 ಸಾವಿರ ಮೀರಿದ ಗಾಳಿ ಸಾಮರ್ಥ್ಯವಿದೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಜಲವಿದ್ಯುತ್ ಹರಿಸಿದ ನಾಡು ಇದು. ಇಡೀ ದೇಶದ ಲೆಕ್ಕವೂ ಹೀಗೆಯೇ ಇದೆ. 2025ರ ಮಧ್ಯಭಾಗದ ಹೊತ್ತಿಗೆ ಭಾರತದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಅನಿಲಗಳನ್ನು ಬಿಟ್ಟ ಮೂಲಗಳದ್ದು. ಆದರೆ ವರ್ಷವಿಡೀ ತಯಾರಾಗುವ ಯೂನಿಟ್‌ಗಳಲ್ಲಿ ಮುಕ್ಕಾಲು ಪಾಲಿನ ಹತ್ತಿರ ಈಗಲೂ ಕಲ್ಲಿದ್ದಲಿನಿಂದಲೇ ಬರುತ್ತದೆ. ನೂರು ಮೆಗಾವಾಟಿನ ಸೌರ ಘಟಕ ವರ್ಷದ ಸರಾಸರಿಯಲ್ಲಿ ಇಪ್ಪತ್ತು, ಇಪ್ಪತ್ತೈದು ಮೆಗಾವಾಟಿನಷ್ಟು ಕೆಲಸ ಮಾಡುತ್ತದೆ, ಅಷ್ಟೇ. ಮಂತ್ರಿಗಳ ಭಾಷಣದಲ್ಲಿ ಬರುವ ಮೆಗಾವಾಟಿಗೂ ಮನೆಗೆ ಬರುವ ಯೂನಿಟ್ಟಿಗೂ ನಡುವಿನ ಈ ಅಂತರದಲ್ಲಿಯೇ ನವೀಕರಿಸಬಹುದಾದ ಇಂಧನದ ಬಹುಪಾಲು ಪ್ರಶ್ನೆಗಳು ಅಡಗಿವೆ.

ಬಿಸಿಲು, ಗಾಳಿ ಮುಗಿಯುವುದಿಲ್ಲ ಎಂಬುದು ನಿಜ. ಅವನ್ನು ಹಿಡಿಯುವ ಗಾಜು, ತಾಮ್ರ, ಬೆಳ್ಳಿ, ನೆಲ, ನೀರು, ಕಾಡು ಇವಕ್ಕೆಲ್ಲ ಮಿತಿಯಿದೆ. ಆ ಮಿತಿ ಯಾವುದರಲ್ಲಿ ಎಷ್ಟು ಬಿಗಿ ಎಂಬುದರ ಬಗ್ಗೆ ಜಗತ್ತಿನಲ್ಲಿ ದೊಡ್ಡ ವಾದ ನಡೆದಿದೆ. ಆ ವಾದವನ್ನು ಒಮ್ಮೆ ಪೂರ್ತಿಯಾಗಿ ನೋಡುವುದು ಅಗತ್ಯ. ಏಕೆಂದರೆ ಅದರ ಒಂದು ತುದಿ ಕಾಂಗೋದ ಗಣಿಯಲ್ಲಿದ್ದರೆ ಇನ್ನೊಂದು ತುದಿ ನಮ್ಮ ಶರಾವತಿ ಕಣಿವೆಯಲ್ಲಿದೆ.

ಮೊದಲು ಖನಿಜ. 2021ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಒಂದು ವರದಿ ತಂದಿತು. ವಿದ್ಯುತ್ ಕಾರಿಗೆ ಸಾಮಾನ್ಯ ಕಾರಿನ ಆರು ಪಟ್ಟು ಖನಿಜ ಬೇಕು. ನೆಲದ ಮೇಲಿನ ಗಾಳಿ ವಿದ್ಯುತ್ ಘಟಕಕ್ಕೆ ಅಷ್ಟೇ ಸಾಮರ್ಥ್ಯದ ಅನಿಲ ಸ್ಥಾವರದ ಒಂಬತ್ತು ಪಟ್ಟು ಬೇಕು ಎಂದು ಅದು ಹೇಳಿತು. ನಿಕ್ಷೇಪ ಸಿಕ್ಕಿದ ದಿನದಿಂದ ಗಣಿ ಉತ್ಪಾದನೆಗೆ ಬರಲು ಸರಾಸರಿ ಹದಿನಾರು ವರ್ಷ ಹಿಡಿಯುತ್ತದೆ ಎಂದೂ ಸೇರಿಸಿತು. ಅಂದಿನಿಂದ ಈ ಅಂಕಿಗಳು ಎರಡು ಬಣಗಳ ಕೈಯಲ್ಲೂ ಆಯುಧವಾಗಿವೆ. ಭೂಮಿಯಲ್ಲಿ ಅಷ್ಟು ಲೋಹವೇ ಇಲ್ಲ, ಈ ಪರಿವರ್ತನೆ ಆಗದ ಮಾತು ಎನ್ನುವವರು ಒಂದು ಕಡೆ. ಬೆಲೆ ಏರಿದರೆ ಹೊಸ ಗಣಿ, ಹೊಸ ತಂತ್ರಜ್ಞಾನ ತಾನಾಗಿ ಬರುತ್ತದೆ ಎನ್ನುವವರು ಇನ್ನೊಂದು ಕಡೆ.

ಈ ಜಗಳ ಹಳೆಯದು. 1980ರಲ್ಲಿ ಅಮೆರಿಕದ ಜೀವವಿಜ್ಞಾನಿ ಪಾಲ್ ಎರ್ಲಿಕ್ ಮತ್ತು ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಪಂದ್ಯ ಕಟ್ಟಿದ್ದರು. ತಾಮ್ರ, ಕ್ರೋಮಿಯಂ, ನಿಕಲ್, ತವರ, ಟಂಗ್‌ಸ್ಟನ್ ಎಂಬ ಐದು ಲೋಹಗಳ ಬೆಲೆ ಹತ್ತು ವರ್ಷದಲ್ಲಿ ಏರುತ್ತದೆಯೋ ಇಳಿಯುತ್ತದೆಯೋ ಎಂಬುದು ಪ್ರಶ್ನೆ. 1990ರಲ್ಲಿ, ಹಣದುಬ್ಬರ ಕಳೆದು ನೋಡಿದರೆ, ಐದರ ಬೆಲೆಯೂ ಇಳಿದಿತ್ತು. ಎರ್ಲಿಕ್ ಸೋತು ಹಣ ಕಟ್ಟಿದರು. ಸೈಮನ್ ಗೆದ್ದ ಈ ಕಥೆಯನ್ನು ಮಾರುಕಟ್ಟೆಯ ಪಕ್ಷದವರು ಇಂದಿಗೂ ಉತ್ಸಾಹದಿಂದ ಹೇಳುತ್ತಾರೆ. ಆದರೆ ಲೋಹದ ಬೆಲೆ ಇಳಿದಾಗ ಆ ಲೋಹ ತೆಗೆದ ನೆಲದ ಗತಿ ಏನಾಗಿತ್ತು ಎಂಬುದು ಆ ಪಂದ್ಯದ ಷರತ್ತಿನಲ್ಲೇ ಇರಲಿಲ್ಲ.

ಒಟ್ಟು ಪ್ರಮಾಣದ ಮಟ್ಟಿಗೆ ನನ್ನ ತೀರ್ಮಾನ ಸ್ಪಷ್ಟ. ಭಾರತದ ಕಲ್ಲಿದ್ದಲು ಸ್ಥಾವರಗಳಲ್ಲಿ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಉರಿಯುತ್ತದೆ. ಒಂದು ಮೆಗಾವಾಟಿನ ಸೌರ ಘಟಕ ವರ್ಷಕ್ಕೆ ಹದಿನಾರು ಲಕ್ಷ ಯೂನಿಟ್ ಕೊಟ್ಟರೂ ಅಲ್ಲಿಗೆ ಸಾವಿರ ಟನ್ನಿಗೂ ಮೀರಿ ಕಲ್ಲಿದ್ದಲು ಉಳಿಯಿತು. ಇಪ್ಪತ್ತೈದು ವರ್ಷಕ್ಕೆ ಇಪ್ಪತ್ತೈದು ಸಾವಿರ ಟನ್. ಆ ಘಟಕಕ್ಕೆ ಬೇಕಾದ ಗಾಜು, ಉಕ್ಕು, ಕಾಂಕ್ರೀಟು, ಅಲ್ಯೂಮಿನಿಯಂ ಎಲ್ಲ ಕೂಡಿಸಿದರೆ ಕೆಲವು ನೂರು ಟನ್. ಕಲ್ಲಿದ್ದಲು ಒಮ್ಮೆ ಉರಿದರೆ ಬೂದಿ. ತಾಮ್ರವನ್ನು ಕರಗಿಸಿ ಮತ್ತೆ ಬಳಸಬಹುದು. ಭಾರತ ಈಗ ವರ್ಷಕ್ಕೆ ನೂರು ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲು ಅಗೆಯುತ್ತಿದೆ. ಸೌರಶಕ್ತಿಗೂ ಗಣಿ ಬೇಕು, ಹಾಗಾಗಿ ಕಲ್ಲಿದ್ದಲೇ ವಾಸಿ ಎನ್ನುವವರು ರಾಯಚೂರಿನ ಶಕ್ತಿನಗರದ ಸುತ್ತಮುತ್ತ ಹಾರುಬೂದಿಯ ನಡುವೆ ಬದುಕುವವರನ್ನು ಕೇಳಿ ನೋಡಬೇಕು.

ಆದರೆ ಒಟ್ಟು ಲೆಕ್ಕ ಸರಿಹೋದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ತಾಮ್ರದ ಅದಿರಿನಲ್ಲಿ ಇಂದು ಲೋಹದ ಪಾಲು ಶೇ 0.6ರ ಆಸುಪಾಸು, ಒಂದು ಟನ್ ತಾಮ್ರಕ್ಕೆ ನೂರೈವತ್ತು ಟನ್ನಿಗೂ ಮಿಕ್ಕಿ ಬಂಡೆ ಅಗೆಯಬೇಕು, ಅರೆಯಬೇಕು, ಅರೆಯಲು ನೀರು ಬೇಕು. ಚಿಲಿಯ ದೊಡ್ಡ ತಾಮ್ರದ ಗಣಿಗಳು ಮತ್ತು ಲಿಥಿಯಂನ ಉಪ್ಪುನೀರಿನ ಹೊಂಡಗಳು ಇರುವುದು ಜಗತ್ತಿನ ಅತ್ಯಂತ ಒಣ ಪ್ರದೇಶಗಳಲ್ಲೊಂದಾದ ಅಟಕಾಮ ಮರುಭೂಮಿಯಲ್ಲಿ. ಕೋಬಾಲ್ಟಿನ ಶೇ 70ರಷ್ಟು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯವೊಂದರಿಂದಲೇ ಬರುತ್ತದೆ. ಅಲ್ಲಿನ ಕೊಲ್ವೇಜಿಯ ಸುತ್ತ ಕೈಯಿಂದ ಅಗೆಯುವ ಗುಂಡಿಗಳಲ್ಲಿ ಮಕ್ಕಳು ದುಡಿದಿದ್ದಾರೆ. ಅಪರೂಪದ ಲೋಹಗಳ ಶುದ್ಧೀಕರಣ ಹೆಚ್ಚುಕಡಿಮೆ ಪೂರ್ತಿ ಚೀನಾದ ಕೈಯಲ್ಲಿದೆ. 2025ರ ಏಪ್ರಿಲ್‌ನಲ್ಲಿ ಚೀನಾ ಆ ಲೋಹಗಳ, ಅವುಗಳಿಂದ ಮಾಡಿದ ಅಯಸ್ಕಾಂತಗಳ ರಫ್ತಿಗೆ ಲಗಾಮು ಹಾಕಿದಾಗ ನಮ್ಮ ವಿದ್ಯುತ್ ಸ್ಕೂಟರ್ ತಯಾರಕರು ಕಂಗಾಲಾದರು. ಕೊಲ್ಲಿ ದೇಶಗಳ ತೈಲದ ಅವಲಂಬನೆಯಿಂದ ಬಿಡಿಸಿಕೊಳ್ಳಲು ಹೊರಟವರು ಇನ್ನೊಂದು ಅವಲಂಬನೆಗೆ ಸಿಕ್ಕಿಬೀಳುವ ಭಯ ಸುಳ್ಳಲ್ಲ.

ತಂತ್ರಜ್ಞಾನ ಈ ಗಂಟುಗಳಲ್ಲಿ ಕೆಲವನ್ನು ಬಿಚ್ಚಿದೆ ಎಂಬುದನ್ನೂ ಒಪ್ಪಬೇಕು. ಕಬ್ಬಿಣ ಮತ್ತು ಫಾಸ್ಫೇಟ್ ಬಳಸುವ ಲಿಥಿಯಂ ಬ್ಯಾಟರಿಗೆ ಕೋಬಾಲ್ಟೂ ಬೇಡ, ನಿಕಲ್ಲೂ ಬೇಡ. ಸೋಡಿಯಂ ಬ್ಯಾಟರಿಗೆ ಲಿಥಿಯಂ ಕೂಡ ಬೇಡ. ಸೌರಕೋಶವೊಂದಕ್ಕೆ ಬೇಕಾದ ಬೆಳ್ಳಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿದೆ. ಆದರೂ ಫಲಕಗಳ ಸಂಖ್ಯೆ ಅದಕ್ಕಿಂತ ವೇಗವಾಗಿ ಏರಿದ್ದರಿಂದ ಜಗತ್ತಿನ ಬೆಳ್ಳಿಯ ಬೇಡಿಕೆಯಲ್ಲಿ ಸುಮಾರು ಆರನೇ ಒಂದು ಪಾಲು ಈಗ ಸೌರ ಉದ್ಯಮದ್ದು. ಉಳಿತಾಯವನ್ನು ಬೆಳವಣಿಗೆ ನುಂಗುವ ಈ ಬಗೆ ಮುಂದೆಯೂ ಕಾಣಿಸುತ್ತದೆ.

ನಮ್ಮ ನೆಲದಲ್ಲಿ ಲಿಥಿಯಂ ಸಿಕ್ಕಿತೆಂದು ಸಂಭ್ರಮಿಸುವ ಮೊದಲು ಮಂಡ್ಯದ ಪಾಠ ನೆನಪಿರಲಿ. ಮರಳಗಾಲ, ಅಲ್ಲಾಪಟ್ಟಣ ಪ್ರದೇಶದಲ್ಲಿ 14,100 ಟನ್ ಲಿಥಿಯಂ ಇದೆಯೆಂದು 2020ರಲ್ಲಿ ಸುದ್ದಿಯಾಯಿತು. ಅಣು ಖನಿಜ ನಿರ್ದೇಶನಾಲಯದ ಮುಂದಿನ ಅಂದಾಜು 1,600 ಟನ್ನಿಗೆ ಇಳಿಯಿತು. ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಎಂದು 2023ರಲ್ಲಿ ಘೋಷಿಸಿದ ನಿಕ್ಷೇಪದ ಹರಾಜಿಗೆ ಸಾಕಷ್ಟು ಬಿಡ್ಡುದಾರರೇ ಬರಲಿಲ್ಲ.

ಖನಿಜಕ್ಕಿಂತ ನಮಗೆ ಹತ್ತಿರದ, ನನ್ನ ದೃಷ್ಟಿಯಲ್ಲಿ ಹೆಚ್ಚು ಬಿಗಿಯಾದ ಮಿತಿ ನೆಲದ್ದು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚರ್ಲು, ಕ್ಯಾತಗಾನಚರ್ಲು ಗ್ರಾಮಗಳಲ್ಲಿ 13 ಸಾವಿರ ಎಕರೆ ಮೇಲೆ 2,050 ಮೆಗಾವಾಟಿನ ಸೌರ ಪಾರ್ಕ್ ನಿಂತಿದೆ. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡಿತು. ಒಂದು ಮೆಗಾವಾಟಿಗೆ ಆರು ಎಕರೆಗೂ ಹೆಚ್ಚು. ಇಲ್ಲಿ ಕರ್ನಾಟಕ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಮೊದಲು ಹೇಳಬೇಕು: ನೆಲವನ್ನು ಕಿತ್ತುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ, ಗುತ್ತಿಗೆಗೆ ಪಡೆಯಿತು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಪಹಣಿಯಲ್ಲಿ ಹೆಸರು ರೈತನದ್ದೇ ಉಳಿಯಿತು. ಕಡಲೆಕಾಯಿ ಬಿತ್ತಿ ಮಳೆಗೆ ಕಾದು ಸೋಲುತ್ತಿದ್ದ ಕುಟುಂಬಕ್ಕೆ ಈ ನಿಶ್ಚಿತ ಹಣ ಸಣ್ಣ ಮಾತಲ್ಲ. ಹತ್ತು ಎಕರೆಯವನಿಗೆ ವರ್ಷಕ್ಕೆ ಎರಡು ಲಕ್ಷ ದಾಟುತ್ತದೆ.

ಎಕರೆಯಿಲ್ಲದವನಿಗೆ? ಗುತ್ತಿಗೆ ಹಣ ಭೂಮಾಲೀಕನಿಗೆ ಬಂತು. ಅವನ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ, ಕಟಾವಾದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಬರಲಿಲ್ಲ. ಕಟ್ಟುವ ಎರಡು ವರ್ಷ ಕೂಲಿ ಸಿಕ್ಕಿತು. ಆಮೇಲೆ ಉಳಿದದ್ದು ಕಾವಲು, ಹುಲ್ಲು ಕೊಯ್ಯುವುದು, ಫಲಕ ಒರೆಸುವುದು ಇಂಥ ಬೆರಳೆಣಿಕೆಯ ಕೆಲಸ. ಬೇಲಿಯ ಒಳಗೆ ಕುರಿ ಬಿಡುವಂತಿಲ್ಲ. ಒಣ ನಾಡಿನಲ್ಲಿ ಫಲಕ ತೊಳೆಯುವ ನೀರಿನ ಪ್ರಶ್ನೆಯೂ ಇದೆ. ನೀರಿಲ್ಲದೆ ಒರೆಸುವ ಯಂತ್ರಗಳು ಬಂದಿವೆ, ಅವನ್ನು ಕಡ್ಡಾಯ ಮಾಡುವುದಕ್ಕೆ ಅಡ್ಡಿಯೇನೆಂದು ನನಗೆ ಅರ್ಥವಾಗುವುದಿಲ್ಲ. ಗುತ್ತಿಗೆಯ ಹಣದಲ್ಲಿ ಒಂದು ಸಣ್ಣ ಪಾಲನ್ನು ಗ್ರಾಮದ ಭೂರಹಿತರ ಹೆಸರಿನಲ್ಲಿ ಇಡುವ ನಿಯಮ ಮೊದಲ ದಿನವೇ ಇರಬೇಕಿತ್ತು. ಪಾವಗಡದ ಮಾದರಿಯನ್ನು ದೇಶವೆಲ್ಲ ಹೊಗಳುವಾಗ ಈ ಕೊರತೆ ಪಕ್ಕಕ್ಕೆ ಸರಿಯುತ್ತದೆ.

ಖಾಸಗಿ ಜಮೀನಿಗೆ ಕೊನೆಗೆ ಬಾಡಿಗೆಯಾದರೂ ಇದೆ. ಗೋಮಾಳ, ಹುಲ್ಲುಗಾವಲು, ಕಾವಲುಗಳಿಗೆ ಅದೂ ಇಲ್ಲ. ಸರ್ಕಾರಿ ದಾಖಲೆಯಲ್ಲಿ ಅವು ಉಪಯೋಗಕ್ಕೆ ಬಾರದ ಜಮೀನು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣಾ, ಅಣು ಸಂಶೋಧನಾ ಸಂಸ್ಥೆಗಳಿಗೆ ಹೋದಾಗ ಅದರ ಜೊತೆ ಒಂದು ಸೌರ ಕಂಪನಿಗೂ ಪಾಲು ಸಿಕ್ಕಿತ್ತು. ಸುತ್ತಲಿನ ಹಳ್ಳಿಗಳವರ ದನ, ಕುರಿ ಮೇಯುತ್ತಿದ್ದ, ಕಂಬಳಿ ನೇಯುವವರ ಬದುಕು ನಿಂತಿದ್ದ ಜಾಗ ಅದು. ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೂ ಬೇಕಾದದ್ದು ಇಂಥದೇ ಬಯಲು. ಕರ್ನಾಟಕದಲ್ಲಿ ಈಗ ಆ ಹಕ್ಕಿಗಳು ಸಿರುಗುಪ್ಪದ ಕಡೆ ಕೆಲವೇ ಕೆಲವು ಉಳಿದಿವೆ. ರಾಜಸ್ಥಾನ, ಗುಜರಾತುಗಳಲ್ಲಿ ಅವು ಹೈಟೆನ್ಷನ್ ತಂತಿಗೆ ಬಡಿದು ಸಾಯುತ್ತಿದ್ದುದರಿಂದ ತಂತಿಗಳನ್ನು ನೆಲದಡಿ ಹಾಕಲು 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಹವಾಮಾನ ಬದಲಾವಣೆಯ ಹೊಣೆಯನ್ನೂ ತೂಗಿ ಆ ಆದೇಶವನ್ನು ಸಡಿಲಿಸಿ, ತಜ್ಞರ ಸಮಿತಿಗೆ ಒಪ್ಪಿಸಿತು. ಎರಡು ಒಳ್ಳೆಯ ಉದ್ದೇಶಗಳು ಎದುರುಬದುರಾದಾಗ ನ್ಯಾಯಾಲಯಕ್ಕೂ ಸುಲಭದ ದಾರಿ ಇರಲಿಲ್ಲ.

ಗಾಳಿಯಂತ್ರ ನೆಲ ನುಂಗುವುದು ಕಡಿಮೆ, ಅದರ ಕೆಳಗೆ ಬೇಸಾಯ ನಡೆಯುತ್ತದೆ. ಹಾಗೆಂದು ಪರಿಣಾಮವೇ ಇಲ್ಲವೆಂದಲ್ಲ. ಸತಾರಾ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಯಂತ್ರಗಳಿರುವ ಕಡೆ ಹದ್ದು, ಗಿಡುಗಗಳಂಥ ಬೇಟೆಹಕ್ಕಿಗಳು ತೀರಾ ಕಡಿಮೆಯಾಗಿದ್ದವು. ಅವುಗಳ ಆಹಾರವಾಗಿದ್ದ ಹಲ್ಲಿಗಳು ಹೆಚ್ಚಿದ್ದವು, ಅವಕ್ಕೆ ಭಯವೂ ಕಡಿಮೆಯಾಗಿತ್ತು. ಯಂತ್ರಗಳೇ ಆ ಬಯಲಿನ ಮೇಲಿನ ಬೇಟೆಗಾರನಾಗಿ ನಿಂತಂತಾಗಿತ್ತು. ಚಿತ್ರದುರ್ಗದ ಗುಡ್ಡಗಳ ಮೇಲೆ, ಗದಗಿನ ಕಪ್ಪತಗುಡ್ಡದ ಸುತ್ತ ಸಾಲುಗಟ್ಟಿ ನಿಂತ ಯಂತ್ರಗಳ ಬಗ್ಗೆ ಇಂಥ ಅಧ್ಯಯನಗಳು ಹೆಚ್ಚು ಬೇಕು. ಏಕೆಂದರೆ ಸೌರ ಪಾರ್ಕಿಗೂ ಗಾಳಿ ಘಟಕಕ್ಕೂ 2006ರ ಪರಿಸರ ಪರಿಣಾಮ ಅಧಿಸೂಚನೆಯ ಅಡಿ ಪರಿಸರ ಅನುಮತಿ ಪಡೆಯಬೇಕಿಲ್ಲ. ಅಂದರೆ ಆ ನಿಯಮದ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಹಸಿರು ಎಂಬ ಹೆಸರಿಗೇ ವಿನಾಯಿತಿ ಕೊಟ್ಟಂತಾಗಿದೆ. ಸಾವಿರಾರು ಎಕರೆಯ ಯೋಜನೆಗೆ ಈ ವಿನಾಯಿತಿ ತಪ್ಪು.

ಇನ್ನು ಹೊತ್ತಿನ ಮಿತಿ. ಮಧ್ಯಾಹ್ನದ ವಿದ್ಯುತ್ತನ್ನು ಸಂಜೆಗೆ ಉಳಿಸುವುದು ಹೇಗೆ? ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿ, ಸಂಜೆ ಅದನ್ನು ಇಳಿಸಿ ಟರ್ಬೈನು ತಿರುಗಿಸುವುದು ಹಳೆಯ, ನಂಬಿಕೆಯ ವಿಧಾನ. ಎತ್ತಲು ಖರ್ಚಾದ ವಿದ್ಯುತ್ತಿನಲ್ಲಿ ಐದನೇ ಒಂದು ಪಾಲಿನಷ್ಟು ಮರಳಿ ಬರುವುದಿಲ್ಲ. ಆ ನಷ್ಟವನ್ನು ತಡೆದುಕೊಳ್ಳಬಹುದು. ಇದಕ್ಕಾಗಿ ಆರಿಸಿದ ಜಾಗವೇ ನನಗೆ ಸಂಕಟ ತರುವುದು.

ಶರಾವತಿಯ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ಹಮ್ಮಿಕೊಂಡಿದೆ. ಎರಡೂ ಜಲಾಶಯ ಈಗಾಗಲೇ ಇವೆ, ಹೊಸ ಅಣೆಕಟ್ಟು ಬೇಡ, ಸುರಂಗ ಮತ್ತು ಸ್ಥಾವರ ನೆಲದಡಿ ಎಂಬುದು ಅದರ ಪರವಾದ ವಾದ. ವಾದದಲ್ಲಿ ತಿರುಳಿದೆ. ಆದರೆ ಆ ನೆಲ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಒಳಗಿದೆ. ಸಿಂಗಳೀಕ ಮರದಿಂದ ಮರಕ್ಕೆ ದಾಟುವ ಪ್ರಾಣಿ. ರಸ್ತೆ ಅಗಲವಾಗಿ ಮೇಲಿನ ಕೊಂಬೆಗಳ ನಂಟು ಕಡಿದರೆ ಅದರ ಲೋಕ ಎರಡು ಹೋಳು. ಸಾವಿರಾರು ಮರ ಬೀಳುತ್ತವೆ. ಈಚಿನ ವರ್ಷಗಳಲ್ಲಿ ಮಳೆಗಾಲ ಬಂತೆಂದರೆ ಗುಡ್ಡ ಕುಸಿಯುವ ಘಟ್ಟದ ಹೊಟ್ಟೆಯಲ್ಲಿ ಸ್ಫೋಟಿಸಿ ಸುರಂಗ ತೋಡಬೇಕು. 2025ರ ಸೆಪ್ಟೆಂಬರಿನಲ್ಲಿ ಕಾರ್ಗಲ್ ಮತ್ತು ಗೇರುಸೊಪ್ಪೆಗಳಲ್ಲಿ ನಡೆದ ಅಹವಾಲು ಸಭೆಗಳಲ್ಲಿ ಜನ ಗಟ್ಟಿಯಾಗಿ ಬೇಡವೆಂದರು.

ಅವರ ದನಿಗೆ ಚರಿತ್ರೆಯಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ಊರುಗಳು ಮುಳುಗಿದವು. ಬೆಂಗಳೂರಿನ ಕಾರ್ಖಾನೆಗಳು ಆ ವಿದ್ಯುತ್ತಿನಲ್ಲಿ ಬೆಳೆದವು. ಮುಳುಗಡೆಯ ಕುಟುಂಬಗಳು ಅರವತ್ತು ವರ್ಷವಾದರೂ ಭೂಮಿಯ ಹಕ್ಕಿಗಾಗಿ ಕಚೇರಿ ಅಲೆಯುತ್ತಿವೆ. ಹಿನ್ನೀರಿನಲ್ಲಿ ದ್ವೀಪದಂತಾದ ತುಮರಿಯ ಜನಕ್ಕೆ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಜಲವಿದ್ಯುತ್ತೂ ಅಂದು ಶುದ್ಧ ಇಂಧನವೆಂದೇ ಬಂದದ್ದು. ನಾಡಿಗೆ ಬೆಳಕು ಕೊಟ್ಟವರೇ ಮತ್ತೆ ಕೊಡಬೇಕೆನ್ನುವುದು ನ್ಯಾಯವಲ್ಲ.

ಬೇರೆ ದಾರಿಯಿಲ್ಲದಿದ್ದರೆ ಈ ಮಾತು ಬರೀ ಭಾವುಕತೆಯಾಗುತ್ತಿತ್ತು. ದಾರಿಗಳಿವೆ. ಬ್ಯಾಟರಿಯ ಬೆಲೆ 2010ರಿಂದ ಈಚೆಗೆ ಶೇ 90ರಷ್ಟು ಇಳಿದಿದೆ. ಸಂಜೆಯ ನಾಲ್ಕು ಗಂಟೆಯ ಅಗತ್ಯವನ್ನು ಸಬ್‌ಸ್ಟೇಷನ್ ಅಂಗಳದಲ್ಲೇ ಇಡುವ ಬ್ಯಾಟರಿ ಪೂರೈಸಬಲ್ಲದು. ಅದಕ್ಕೂ ಲಿಥಿಯಂ ಬೇಕು, ಹದಿನೈದು ವರ್ಷಕ್ಕೆ ಅದನ್ನು ಬದಲಿಸಬೇಕು, ಹಳೆಯದನ್ನು ಸಂಸ್ಕರಿಸಬೇಕು. ಇದು ಉಚಿತ ಪರಿಹಾರವಲ್ಲ. ಆದರೆ ಕೆಟ್ಟ ಬ್ಯಾಟರಿಯನ್ನು ತೆಗೆದು ಬೇರೆ ಇಡಬಹುದು, ಕಡಿದ ನಿತ್ಯಹರಿದ್ವರ್ಣ ಕಾಡನ್ನು ಮತ್ತೆ ಇಡಲಾಗುವುದಿಲ್ಲ. ಪಂಪ್ಡ್ ಸ್ಟೋರೇಜೇ ಬೇಕೆಂದರೆ ಘಟ್ಟದ ಕಾಡಿನ ಹೊರಗೆ, ಸವದತ್ತಿಯ ಯೋಜನೆಯಂತೆ ಬಯಲುಸೀಮೆಯ ಗುಡ್ಡಗಳಲ್ಲಿ ಜಾಗ ಹುಡುಕಲಿ.

ಇಷ್ಟೆಲ್ಲ ಚರ್ಚೆಯಲ್ಲಿ ಬೇಡಿಕೆಯ ಮಾತು ಹಿಂದೆ ಬೀಳುತ್ತದೆ. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ನೀರಾವರಿ ಪಂಪುಗಳಿಗೆ ಹೋಗುತ್ತದೆ. ಅದನ್ನು ರಾತ್ರಿಯಿಂದ ಹಗಲಿಗೆ ತಿರುಗಿಸಿದರೆ ಅಷ್ಟರಮಟ್ಟಿಗೆ ಶೇಖರಣೆಯೇ ಬೇಡ. ರಾತ್ರಿ ಹಾವು, ಚಿರತೆಗೆ ಹೆದರಿ ನೀರು ಕಟ್ಟುವ ಕಷ್ಟವೂ ರೈತನಿಗೆ ತಪ್ಪುತ್ತದೆ. ಕೇಂದ್ರದ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೌರ ಘಟಕ ಹಾಕಿ ಅಲ್ಲಿನ ಫೀಡರಿನ ಪಂಪುಗಳಿಗೆ ಕೊಡುವ ಕೆಲಸ 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಉದ್ಘಾಟನೆಯಾಯಿತು. ದಿಕ್ಕು ಸರಿಯಿದೆ. ಅಪಾಯವೂ ಅಲ್ಲೇ ಇದೆ. ಚಿಕ್ಕಬಳ್ಳಾಪುರ, ಕೋಲಾರಗಳ ಅಂತರ್ಜಲ ಈಗಾಗಲೇ ಪಾತಾಳ ಸೇರಿದೆ. ಪುಕ್ಕಟೆಯಾಗಿ ಹಗಲಿಡೀ ಕರೆಂಟು ಸಿಕ್ಕರೆ ಬೋರ್‌ವೆಲ್ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿ 2016ರಲ್ಲಿ ರೂಪುಗೊಂಡ ಸೌರಪಂಪ್ ರೈತರ ಸಹಕಾರ ಸಂಘ ಇದಕ್ಕೊಂದು ಉತ್ತರ ತೋರಿಸಿತು: ನೀರೆತ್ತದೆ ಉಳಿಸಿದ ವಿದ್ಯುತ್ತನ್ನು ಗ್ರಿಡ್‌ಗೆ ಮಾರಿ ರೈತ ಹಣ ಪಡೆಯಲಿ. ನಮ್ಮ ಕನಕಪುರ ತಾಲ್ಲೂಕಿನ ಹಾರೋಬೆಲೆಯ ಸೂರ್ಯರೈತ ಯೋಜನೆ ಅದಕ್ಕೂ ಮೊದಲೇ ಇದೇ ಆಸೆಯಿಂದ ಹೊರಟದ್ದು. ಅದರ ಅನುಭವವನ್ನು ಸರ್ಕಾರ ಪೂರ್ತಿಯಾಗಿ ಜನರ ಮುಂದಿಟ್ಟು, ತಿದ್ದಿ, ವಿಸ್ತರಿಸಬೇಕು.

ಚಾವಣಿಗಳ ಮಾತೂ ಇದೆ. ಹತ್ತಿರದಲ್ಲೇ ತಯಾರಾಗಿ ಹತ್ತಿರದಲ್ಲೇ ಬಳಕೆಯಾಗುವ ವಿದ್ಯುತ್ತಿಗೆ ಗೋಮಾಳವೂ ಬೇಡ, ಹೊಸ ಹೈಟೆನ್ಷನ್ ತಂತಿಯೂ ಬೇಡ. ಬಿಸಿನೀರಿನ ಸೌರ ಪೆಟ್ಟಿಗೆಯನ್ನು ಮನೆಮಾತಾಗಿಸಿದ ಬೆಂಗಳೂರು ಚಾವಣಿ ಫಲಕದಲ್ಲಿ ಹಿಂದೆ ಉಳಿದಿದೆ. 200 ಯೂನಿಟ್‌ವರೆಗೆ ಉಚಿತ ಕೊಡುವ ಗೃಹಜ್ಯೋತಿ ಬಡವರ ಮನೆಗೆ ನಿಜವಾದ ನೆರವು, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಬಿಲ್ ಸೊನ್ನೆಯಾದ ಮನೆಗೆ ಫಲಕ ಹಾಕುವ ಕಾರಣವೂ ಇಲ್ಲವಾಗುತ್ತದೆ. ಅದೇ ಸಹಾಯಧನದ ಒಂದು ಪಾಲನ್ನು ಕ್ರಮೇಣ ಚಾವಣಿಗೆ ತಿರುಗಿಸಿದರೆ ಸರ್ಕಾರದ ಹೊರೆಯೂ ಇಳಿಯುತ್ತದೆ, ಮನೆಯವರಿಗೂ ಹಕ್ಕಿನ ವಿದ್ಯುತ್ ಸಿಗುತ್ತದೆ. ಇಪ್ಪತ್ತೈದು ವರ್ಷದ ಮೇಲೆ ಈ ಫಲಕಗಳೆಲ್ಲ ಕಸವಾಗುತ್ತವೆ ಎಂಬುದನ್ನೂ ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2022ರ ಇ-ತ್ಯಾಜ್ಯ ನಿಯಮ ಸೌರ ಫಲಕಗಳನ್ನು ಒಳಗೊಂಡಿದೆ. ಅವುಗಳೊಳಗಿನ ಬೆಳ್ಳಿ, ತಾಮ್ರ, ಸಿಲಿಕಾನ್ ಹೊರತೆಗೆಯುವ ಕಾರ್ಖಾನೆಗಳು ಮಾತ್ರ ಅಗತ್ಯಕ್ಕೆ ತಕ್ಕಷ್ಟಿಲ್ಲ.

ಕಲ್ಲಿದ್ದಲು ಬಿಡಲೇಬೇಕು, ಬೇಗ ಬಿಡಬೇಕು. ಅದಕ್ಕಾಗಿ ಎಲ್ಲಿ ಏನು ಕಳೆದುಕೊಳ್ಳುತ್ತೇವೆ ಎಂಬುದನ್ನು ಬೆಂಗಳೂರಿನ ಒಂದು ಕಚೇರಿ ತೀರ್ಮಾನಿಸುವಂತಾಗಬಾರದು. ನಿಮ್ಮ ತಾಲ್ಲೂಕಿನಲ್ಲಿ ಸೌರ ಪಾರ್ಕಿಗೋ ಗಾಳಿಯಂತ್ರಕ್ಕೋ ಜಾಗ ಗುರುತಿಸಿದ ಸುದ್ದಿ ಬಂದರೆ ಗ್ರಾಮಸಭೆಗೆ ಹೋಗಿ. ಆ ಜಾಗದಲ್ಲಿ ಈಗ ಯಾರ ದನ ಮೇಯುತ್ತದೆ, ಭೂಮಿಯಿಲ್ಲದವರಿಗೆ ಗುತ್ತಿಗೆಯಲ್ಲಿ ಎಷ್ಟು ಪಾಲು, ತೊಳೆಯುವ ನೀರು ಯಾವ ಬೋರ್‌ವೆಲ್ಲಿನದು, ಅವಧಿ ಮುಗಿದ ಮೇಲೆ ಫಲಕ ಕಿತ್ತು ನೆಲ ಸರಿಪಡಿಸುವವರು ಯಾರು ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ದೃಢೀಕೃತ ಪ್ರತಿಯನ್ನು ಪಡೆದುಕೊಳ್ಳಿ.